ಸಿಲಿಯಾಕ್ ಅಂತ ಗೊತ್ತಾದ ಮೇಲೂ ರುಚಿಯಾಗಿ ಉಣ್ಣುವುದು ಹೇಗೆ? ಕನ್ನಡ ಅಡುಗೆಮನೆಗೊಂದು ಸಮಗ್ರ ಮಾರ್ಗದರ್ಶಿ

"ನಿಮಗೆ ಸಿಲಿಯಾಕ್ ಕಾಯಿಲೆ ಇದೆ, ಗೋಧಿ ತಿಂದರೆ ಕರುಳು ಹಾಳಾಗುತ್ತೆ. ಇನ್ಮೇಲೆ ಗೋಧಿ ಪೂರ್ತಿ ಬಿಡಬೇಕು, ಜೀವನಪೂರ್ತಿ" ಅಂತ ಡಾಕ್ಟರು ಹೇಳಿದ ದಿನ ನನ್ನ ತಲೆಯಲ್ಲಿ ಓಡಿದ ಮೊದಲ ಪ್ರಶ್ನೆ, "ಚಪಾತಿ ಬದಲು ಏನು?" ಆ ಪ್ರಶ್ನೆಯ ಹಿಂದೆ ಬಿದ್ದು ಮೂರು ತಿಂಗಳು ಕಳೆದೆ. ದುಬಾರಿ ಹಿಟ್ಟಿನ ಪೊಟ್ಟಣ ತಂದೆ. ಒಣಗಿದ ಬ್ರೆಡ್ ತಿಂದೆ. ಊಟ ಅಂದರೆ ಬೇಜಾರಾಗಿ ಹೋಯಿತು.

ಆಮೇಲೆ ಒಂದು ವಿಷಯ ಹೊಳೆಯಿತು. ನನ್ನ ತವರು ಸಾಗರದ ಕಡೆ. ಅಲ್ಲಿ ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ. ಅತ್ತೆ ಮನೆ ಗದಗಿನ ಕಡೆ. ಅಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚು. ಇದರಲ್ಲಿ ಯಾವುದಕ್ಕೂ ಗೋಧಿ ಬೇಕಾಗಿಯೇ ಇಲ್ಲ. ಹಾಗಾಗಿ ಬದಲಿ ಹುಡುಕುವುದನ್ನು ಬಿಟ್ಟು, ಮೊದಲಿನಿಂದ ಇದ್ದ ಊಟಕ್ಕೆ ವಾಪಸ್ ಹೋದೆ. ಕಷ್ಟ ಇರುವುದು ಏನು ತಿನ್ನಬೇಕು ಅನ್ನುವುದರಲ್ಲಿ ಅಲ್ಲ. ಗಿರಣಿಯಲ್ಲಿ, ಕಾವಲಿಯಲ್ಲಿ, ಇಂಗಿನ ಡಬ್ಬಿಯಲ್ಲಿ. ಅದಕ್ಕೇ ಆ ಕಡೆಗಳ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ

ಅನುಮಾನ ಬಂದ ಕೂಡಲೇ ಸುಮ್ನೆ ಗೋಧಿ ನಿಲ್ಲಿಸಿಬಿಡುವವರು ತುಂಬಾ ಜನ. ಇದು ತಪ್ಪು. ಟಿಟಿಜಿ ಐಜಿಎ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಒಂದು ಪ್ರತಿಕಾಯದ ಮಟ್ಟ ಅದರಲ್ಲಿ ಗೊತ್ತಾಗುತ್ತದೆ. ಜೊತೆಗೆ ಐಜಿಎ ಬಗೆಯ ಪ್ರತಿಕಾಯ ಒಟ್ಟು ಎಷ್ಟಿದೆ ಅಂತಲೂ ನೋಡುತ್ತಾರೆ. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ಇವು ಸರಿಯಾದ ಉತ್ತರ ಕೊಡುತ್ತವೆ. ಮೊದಲೇ ಬಿಟ್ಟರೆ ಕರುಳು ಸುಧಾರಿಸಲು ಶುರುವಾಗಿ, ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಸಿಲಿಯಾಕ್ ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನ್ ಹೊಟ್ಟೆಗೆ ಹೋದಾಗ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರ ಹೀರಿಕೊಳ್ಳುವ ಕರುಳಿನ ಸಣ್ಣ ಸಣ್ಣ ಎಳೆಗಳು ಚಪ್ಪಟೆಯಾಗುತ್ತವೆ. ಅದಕ್ಕೇ ಎಷ್ಟು ತಿಂದರೂ ರಕ್ತಹೀನತೆ, ಸುಸ್ತು, ಮೂಳೆ ನೋವು. ಕೆಲವರಿಗೆ ಭೇದಿ ಇರುವುದೇ ಇಲ್ಲ. ನನಗೂ ಇರಲಿಲ್ಲ. ಕಬ್ಬಿಣದ ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ, ಅಷ್ಟೇ.

ಕಾಯಿಲೆಗೂ ಗೋಧಿಗೂ ನಂಟಿದೆ ಅಂತ ಕಂಡುಕೊಂಡವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದ ಬರಗಾಲದಲ್ಲಿ ಅಲ್ಲಿ ಬ್ರೆಡ್ ಸಿಗುತ್ತಿರಲಿಲ್ಲ. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ವಾಪಸ್ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಇವತ್ತಿಗೂ ಮದ್ದು ಅಂದರೆ ಊಟವೇ.

ನಮ್ಮ ದೇಶದಲ್ಲಿ ಗೋಧಿ ಜಾಸ್ತಿ ತಿನ್ನುವ ಉತ್ತರದ ಕಡೆ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಕಾಣುತ್ತದೆ. ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಅದಕ್ಕೇ ನಮ್ಮ ಕಡೆ ಇದರ ಬಗ್ಗೆ ಗೊತ್ತಿರುವವರೂ ಕಡಿಮೆ. ನಿಮಗೆ ಇದೆ ಅಂತಾದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರ ರಕ್ತ ಪರೀಕ್ಷೆ ಮಾಡಿಸಿ. ಇದು ವಂಶದಲ್ಲಿ ಬರುತ್ತದೆ.

ಎರಡನೇ ಹೆಜ್ಜೆ: ಬೇಡದ್ದನ್ನು ಹೆಸರು ಹಿಡಿದು ಗುರುತಿಸಿ

ಗೋಧಿ ನಮ್ಮಲ್ಲಿ ಹತ್ತು ಹೆಸರಲ್ಲಿ ಬರುತ್ತದೆ. ಮೈದಾ ಗೋಧಿ. ಚಿರೋಟಿ ರವೆ, ಬನ್ಸಿ ರವೆ, ಉಪ್ಪಿಟ್ಟಿನ ರವೆ ಎಲ್ಲವೂ ಗೋಧಿ. ಶಾವಿಗೆ, ಗೋಧಿ ನುಚ್ಚು, ಪಾಸ್ತಾ, ನೂಡಲ್ಸ್ ಕೂಡ. ಖಪ್ಲಿ ಗೋಧಿ ಹಳೆಯ ತಳಿ, ಅದು ಪರವಾಗಿಲ್ಲ ಅಂತ ಹೇಳುವವರಿದ್ದಾರೆ. ನಂಬಬೇಡಿ. ಅದರಲ್ಲೂ ಗ್ಲುಟನ್ ಇದೆ. ಬಾರ್ಲಿಯಿಂದ ಮಾಡುವ ಮಾಲ್ಟ್ ಇರುವುದರಿಂದ ಹಾಲಿಗೆ ಬೆರೆಸುವ ಎಷ್ಟೋ ಪುಡಿಗಳು ನಮಗೆ ಆಗುವುದಿಲ್ಲ. ಬಿಯರ್ ಕೂಡ ಅಷ್ಟೇ.

ಇಲ್ಲೊಂದು ಗೊಂದಲ ಇದೆ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಮಾಲ್ಟ್‌ನಲ್ಲಿ ಗ್ಲುಟನ್ ಇಲ್ಲ. ಅಂಗಡಿಯ ರಾಗಿ ಮಾಲ್ಟ್‌ನಲ್ಲಿ ಗೋಧಿ, ಬಾರ್ಲಿ ಸೇರಿರಬಹುದು. ಹೆಸರು ಒಂದೇ, ಒಳಗಿರುವುದು ಬೇರೆ. ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ಸಿರಿಧಾನ್ಯ ನೂಡಲ್ಸ್ ಇವುಗಳ ಕಥೆಯೂ ಇದೇ. ಮುಂದೆ ರಾಗಿಯ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಮೈದಾ.

ಬೇಕಾದದ್ದರ ಪಟ್ಟಿ ಇದಕ್ಕಿಂತ ಉದ್ದ. ಅಕ್ಕಿ, ಅವಲಕ್ಕಿ, ಮಂಡಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಸಬ್ಬಕ್ಕಿ. ಎಲ್ಲ ಬೇಳೆ ಕಾಳು, ತರಕಾರಿ, ಹಣ್ಣು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ. ಓಟ್ಸ್ ಮಾತ್ರ ಶುರುವಿನಲ್ಲಿ ಬೇಡ. ಅದು ಗೋಧಿಯ ಜೊತೆ ಬೆರೆತೇ ಬರುವುದು ಜಾಸ್ತಿ, ಶುದ್ಧವಾಗಿದ್ದರೂ ಕೆಲವರಿಗೆ ಆಗುವುದಿಲ್ಲ.

ಮೂರನೇ ಹೆಜ್ಜೆ: ಅಡುಗೆಮನೆಗೆ ಒಂದು ಭಾನುವಾರ ಕೊಡಿ

ಒಂದು ಚಪಾತಿಯಲ್ಲಿ ಸುಮಾರು 2ರಿಂದ 3 ಗ್ರಾಂ ಗ್ಲುಟನ್ ಇರುತ್ತದೆ. ದಿನಕ್ಕೆ ಬರೀ 50 ಮಿಲಿಗ್ರಾಂ, ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿ ಆಗುತ್ತದೆ ಅಂತ ಸಂಶೋಧನೆಯಲ್ಲಿ ಕಂಡುಬಂದಿದೆ. ಅಂದರೆ ಚಪಾತಿಯನ್ನು ಐವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು. "ಒಂದು ಚೂರು ತಿಂದರೆ ಏನೂ ಆಗಲ್ಲ" ಅನ್ನುವ ನೆಂಟರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಇನ್ನೊಂದು ಮಾತು. ಗ್ಲುಟನ್ ಕ್ರಿಮಿ ಅಲ್ಲ. ಕುದಿಸಿದರೆ, ಹುರಿದರೆ ಸಾಯುವುದಿಲ್ಲ. ತೊಳೆದು ತೆಗೆಯುವುದೊಂದೇ ದಾರಿ. ಹಾಗಾಗಿ ಯಾವ ಪಾತ್ರೆ ಚೆನ್ನಾಗಿ ತೊಳೆಯಲು ಬರುತ್ತದೋ ಅದು ಸರಿ, ಬರದಿದ್ದರೆ ಬೇಡ. ಸ್ಟೀಲ್ ಪಾತ್ರೆ, ಕುಕ್ಕರ್, ಗಾಜು ಇವನ್ನು ಸೋಪು ಹಾಕಿ ತೊಳೆದರೆ ಸಾಕು. ಮರದ ಲಟ್ಟಣಿಗೆ, ಮಣೆ, ಮರದ ಸೌಟು, ಹಿಟ್ಟಿನ ಜರಡಿ, ಚಪಾತಿ ಸುಟ್ಟ ಕಬ್ಬಿಣದ ಕಾವಲಿ, ಬ್ರೆಡ್ ಟೋಸ್ಟರ್ ಇವು ನಿಮಗೆ ಬೇರೆಯೇ ಬೇಕು. ನಾನು ಹೊಸ ಕಾವಲಿಯ ಹಿಡಿಗೆ ಕೆಂಪು ದಾರ ಕಟ್ಟಿದೆ. ಮನೆಯವರಿಗೆಲ್ಲ ಅದೇ ಗುರುತು.

ತುಪ್ಪದ ಡಬ್ಬಿ, ಚಟ್ನಿಪುಡಿ, ಜಾಮ್ ಬಾಟಲಿಗೆ ಚಪಾತಿ ತಾಗಿದ ಚಮಚ ಹೋಗುತ್ತದೆ. ಇವುಗಳಲ್ಲೂ ನಿಮ್ಮದು ಬೇರೆ ಇಡಿ. ಪೂರಿ ಕರಿದ ಎಣ್ಣೆಯಲ್ಲಿ ನಿಮ್ಮ ಹಪ್ಪಳ ಬೇಡ. ಮನೆಯಲ್ಲಿ ಚಪಾತಿ ಮಾಡುವುದಾದರೆ ನಿಮ್ಮ ಅಡುಗೆ ಮೊದಲು ಆಗಲಿ, ಮುಚ್ಚಿಡಿ, ಆಮೇಲೆ ಗೋಧಿ ಹಿಟ್ಟು ಹೊರಬರಲಿ. ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲೆಲ್ಲೋ ಕೂರುತ್ತದೆ.

ನಾಲ್ಕನೇ ಹೆಜ್ಜೆ: ಗಿರಣಿಯ ಸಮಸ್ಯೆ ಬಗೆಹರಿಸಿ

ಅಕ್ಕಿ, ಜೋಳ, ರಾಗಿ ಯಾವುದರಲ್ಲೂ ಗ್ಲುಟನ್ ಇಲ್ಲ. ಆದರೆ ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಮುಂದೆ ನಿಂತವರು ಗೋಧಿ ಬೀಸಿಸಿರುತ್ತಾರೆ. ಅವರ ಹಿಟ್ಟು ಒಂದಿಷ್ಟು ಕಲ್ಲಿನಲ್ಲೇ ಉಳಿದು ನಿಮ್ಮ ಡಬ್ಬಿಗೆ ಬೀಳುತ್ತದೆ. ರಾಗಿಗೆ ಬೇರೆ ಯಂತ್ರ ಇಟ್ಟಿರುವ ಗಿರಣಿಗಳಿವೆ, ಅಷ್ಟಾದರೂ ಅಲ್ಲಿ ಗೋಧಿಯ ಧೂಳು ತಪ್ಪುವುದಿಲ್ಲ. ಬೆಳಿಗ್ಗೆ ಮೊದಲನೆಯವರಾಗಿ ಹೋದರೂ ನನಗೆ ಧೈರ್ಯ ಇಲ್ಲ.

ಅಕ್ಕಿ ಹಿಟ್ಟಿಗೆ ದಾರಿ ಸುಲಭ. ಅಕ್ಕಿ ತೊಳೆದು, ಎರಡು ಗಂಟೆ ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಪೂರ್ತಿ ಒಣಗುವ ಮೊದಲೇ, ಕೈಗೆ ಸ್ವಲ್ಪ ತಂಪು ತಾಗುವಾಗ ಮಿಕ್ಸಿಯಲ್ಲಿ ಪುಡಿ ಮಾಡಿ. ಜರಡಿ ಹಿಡಿದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಇಟ್ಟುಕೊಳ್ಳಿ. ಜೋಳ, ರಾಗಿ ಜಾಸ್ತಿ ಬೇಕಾಗುವ ಮನೆಗೆ ಒಂದು ಸಣ್ಣ ಗೃಹಬಳಕೆಯ ಹಿಟ್ಟಿನ ಯಂತ್ರ ಒಳ್ಳೆಯದು. ದುಡ್ಡು ಬೀಳುತ್ತದೆ, ನಿಜ. ಆದರೆ ನಾನು ಖರ್ಚು ಮಾಡಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಅದರಲ್ಲಿ ಗೋಧಿ ಯಾವತ್ತೂ ಹಾಕಬೇಡಿ.

ಬೀಸುವ ಮೊದಲು ಧಾನ್ಯವನ್ನು ಆರಿಸಿ. ಬಿಡಿಯಾಗಿ ಮಾರುವ ನವಣೆಯಲ್ಲಿ, ಜೋಳದಲ್ಲಿ ಆಗಾಗ ಗೋಧಿ ಕಾಳು ಸಿಗುತ್ತದೆ. ಮೊರದಲ್ಲಿ ಹಾಕಿ ಕೇರಿ, ಕಣ್ಣಿಟ್ಟು ನೋಡಿ, ಎರಡು ಮೂರು ನೀರಲ್ಲಿ ತೊಳೆದು ಒಣಗಿಸಿ.

ಐದನೇ ಹೆಜ್ಜೆ: ಇಂಗಿನ ಡಬ್ಬಿ ತಿರುಗಿಸಿ ನೋಡಿ

ಒಂದು ವರ್ಷ ನಿಷ್ಠೆಯಿಂದ ಪಥ್ಯ ಮಾಡಿದ ಮೇಲೂ ನನ್ನ ಟಿಟಿಜಿ ಇಳಿಯಲೇ ಇಲ್ಲ. ಡಾಕ್ಟರು "ಎಲ್ಲೋ ತಿಂತಾ ಇದ್ದೀರಿ" ಅಂದಾಗ ಅಳು ಬಂತು. ಮನೆಗೆ ಬಂದು ಒಂದೊಂದೇ ಡಬ್ಬಿ ತೆಗೆದು ಓದಿದೆ. ಕೊನೆಗೆ ಸಿಕ್ಕಿತು. ದಿನಾ ಸಾರಿಗೆ ಹಾಕುವ ಇಂಗು. ಡಬ್ಬಿಯ ಹಿಂದೆ ಬರೆದಿತ್ತು: ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು.

ಅಂಗಡಿಯಲ್ಲಿ ನಮಗೆ ಸಿಗುವ ಇಂಗು ಹೆಚ್ಚಾಗಿ ಕೂಟಿಂಗು, ಅಂದರೆ ಬೇರೆ ಪದಾರ್ಥ ಬೆರೆಸಿದ ಇಂಗು. ನಿಜವಾದ ಇಂಗು ತುಂಬಾ ಘಾಟು, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೇ ಹಿಟ್ಟು ಸೇರಿಸುತ್ತಾರೆ. ಪುಡಿ ಇಂಗಿನಲ್ಲೂ ಇರುತ್ತದೆ, ಗಟ್ಟಿ ಇಂಗಿನಲ್ಲೂ ಇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಈಗ ಸಿಗುತ್ತದೆ, ಹುಡುಕಿ ತನ್ನಿ. ಸಿಗದ ದಿನ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಿ.

ಇಂಗು ಒಂದು ಡಬ್ಬಿಯಲ್ಲಿ ನಿಲ್ಲುವ ವಸ್ತು ಅಲ್ಲ, ಅಲ್ವಾ? ಸಾರಿನ ಪುಡಿ, ಹುಳಿ ಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಕ್ಕುಲಿ, ಕಾಂಗ್ರೆಸ್ ಕಡ್ಲೆಕಾಯಿ, ಮಸಾಲೆ ಮಜ್ಜಿಗೆ. ಇಷ್ಟು ಕಡೆ ಅದು ಹೋಗಿರುತ್ತದೆ. ನಾನು ಸಾರಿನ ಪುಡಿ, ಉಪ್ಪಿನಕಾಯಿ ಎರಡನ್ನೂ ಮನೆಯಲ್ಲೇ ಮಾಡಲು ಶುರು ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ ಟಿಟಿಜಿ ಇಳಿದಿತ್ತು.

ಆರನೇ ಹೆಜ್ಜೆ: ರೊಟ್ಟಿಯ ಗುಟ್ಟು ಎಸರಿನಲ್ಲಿದೆ

ಗೋಧಿ ಹಿಟ್ಟು ತಣ್ಣೀರಿನಲ್ಲೇ ಹಿಗ್ಗುವ ಕಣಕ ಆಗುವುದು ಗ್ಲುಟನ್‌ನಿಂದ. ಅಕ್ಕಿ, ಜೋಳದಲ್ಲಿ ಆ ಅಂಟು ಇಲ್ಲ. ಅದಕ್ಕೆ ಬಿಸಿನೀರು ಬೇಕು. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ನಮ್ಮ ಅಜ್ಜಿಯರು ಇದನ್ನು ಎಂದೋ ಕಂಡುಕೊಂಡಿದ್ದರು. ಪೊಟ್ಟಣದ ಗ್ಲುಟನ್ ಫ್ರೀ ಹಿಟ್ಟಿಗೆ ಗೋಂದು ಹಾಕುವುದೂ ಈ ಅಂಟಿಗಾಗಿಯೇ.

ಮಲೆನಾಡಿನ ಅಕ್ಕಿ ರೊಟ್ಟಿ ಹೀಗೆ. ಒಂದೂಕಾಲು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ಒಂದು ಲೋಟ ಅಕ್ಕಿ ಹಿಟ್ಟನ್ನು ಗುಡ್ಡೆಯಾಗಿ ಸುರಿಯಿರಿ, ಕಲಕಬೇಡಿ. ಉರಿ ಸಣ್ಣ ಮಾಡಿ ಮೂರು ನಿಮಿಷ ಮುಚ್ಚಿಡಿ. ಒಲೆ ಆರಿಸಿ, ಸೌಟಿನ ಹಿಡಿಯಿಂದ ಚೆನ್ನಾಗಿ ಕಲಸಿ. ಕೈಗೆ ತಣ್ಣೀರು ಮುಟ್ಟಿಸಿಕೊಂಡು, ಬಿಸಿ ಇರುವಾಗಲೇ ನಾದಬೇಕು. ಆರಿದರೆ ಬಿರಿಯುತ್ತದೆ. ನುಣ್ಣಗಾದ ಮೇಲೆ ಉಂಡೆ ಕಟ್ಟಿ ಒದ್ದೆ ಬಟ್ಟೆ ಮುಚ್ಚಿಡಿ. ಒಂದೊಂದೇ ತೆಗೆದು, ಅಕ್ಕಿ ಹಿಟ್ಟು ಉದುರಿಸಿ ಲಟ್ಟಿಸಿ. ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೊನೆಗೆ ಉರಿಗೆ ಹಿಡಿದರೆ ಉಬ್ಬುತ್ತದೆ. ಬೆಣ್ಣೆ, ಬದನೆಕಾಯಿ ಎಣ್ಣೆಗಾಯಿ ಇದ್ದರೆ ಚಪಾತಿ ನೆನಪಿಗೇ ಬರಲ್ಲ.

ಜೋಳದ ರೊಟ್ಟಿಗೆ ಹಿಟ್ಟು ತಾಜಾ ಇರಬೇಕು. ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಎರಡು ಲೋಟ ಹಿಟ್ಟಿನ ನಡುವೆ ಗುಂಡಿ ಮಾಡಿ, ಸುಮಾರು ಒಂದು ಲೋಟ ಕುದಿಯುವ ಎಸರು ಹಾಕಿ ಚಮಚದಲ್ಲಿ ಕಲಸಿ. ಕೈ ತಾಳುವಷ್ಟಾದ ಮೇಲೆ ಐದು ನಿಮಿಷ ಒತ್ತಿ ಒತ್ತಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟು ತೆಗೆದು ಮತ್ತೊಮ್ಮೆ ನಾದಿ, ಹಿಟ್ಟಿನ ಮೇಲಿಟ್ಟು ತಿರುಗಿಸುತ್ತಾ ಬಡಿಯಿರಿ. ಕಾದ ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಆರುತ್ತಿದ್ದಂತೆ ತಿರುವಿ ಹಾಕಿ, ಬಟ್ಟೆಯಿಂದ ಒತ್ತಿ. ನನ್ನ ಮೊದಲ ಹತ್ತು ರೊಟ್ಟಿ ಮುರಿದವು. ನಮ್ಮತ್ತೆ ಪಕ್ಕದಲ್ಲಿ ಕೂತು, "ಎಸರು ಇನ್ನಷ್ಟು ಕುದೀಲಿ ತಂಗಿ" ಅಂತ ತಿದ್ದಿದರು. ಅವರ ಮಾತು ಸರಿಯಿತ್ತು.

ರಾಗಿಯನ್ನು ಮರೆಯಬೇಡಿ. ಈ ಕಾಯಿಲೆಯಲ್ಲಿ ಮೂಳೆ ಸವೆಯುವುದು ಸಾಮಾನ್ಯ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು ವಾರಕ್ಕೆ ಮೂರು ದಿನ ಇದ್ದರೆ ಒಳ್ಳೆಯದು.

ಏಳನೇ ಹೆಜ್ಜೆ: ಬೆಳಗಿನ ತಿಂಡಿ

ಇಲ್ಲಿ ಕಷ್ಟವೇ ಇಲ್ಲ. ಇಡ್ಲಿ, ನೀರು ದೋಸೆ, ಅವಲಕ್ಕಿ, ಪುಂಡಿ, ಪತ್ರೊಡೆ, ತೊಗರಿಬೇಳೆಯ ನುಚ್ಚಿನುಂಡೆ. ಕೊಡಗಿನವರಾದರೆ ಕಡಂಬುಟ್ಟು, ನೂಪುಟ್ಟು. ಉಪ್ಪಿಟ್ಟು ಬೇಕೇ ಬೇಕು ಅನ್ನಿಸಿದರೆ ಅಕ್ಕಿ ತರಿಯದ್ದು ಅಥವಾ ನವಣೆಯದ್ದು ಮಾಡಿ. ನವಣೆಯನ್ನು ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡು ಲೋಟ ನೀರಿಟ್ಟರೆ ಉದುರು ಉದುರಾಗಿ ಬರುತ್ತದೆ. ಕೇಸರಿಬಾತಿಗೆ ಅವಲಕ್ಕಿಯನ್ನು ರವೆಯಂತೆ ಪುಡಿ ಮಾಡಿ ತುಪ್ಪದಲ್ಲಿ ಹುರಿದುಕೊಳ್ಳಿ.

ಎಂಟನೇ ಹೆಜ್ಜೆ: ಅಂಗಡಿಯಲ್ಲಿ ಏನು ಓದಬೇಕು

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಂತೆ, ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರದಿದ್ದರೆ ಮಾತ್ರ 'ಗ್ಲುಟನ್ ಫ್ರೀ' ಅಂತ ಬರೆಯಬಹುದು. 'ಲೋ ಗ್ಲುಟನ್' ಅಂದರೆ 20ರಿಂದ 100 ಮಿಲಿಗ್ರಾಂ. ಅದು ನಮಗೆ ಬೇಡ. ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಮಾಹಿತಿ ಇರುತ್ತದೆ, ಅದನ್ನೂ ಓದಿ. ಸೋಯಾ ಸಾಸ್, ಸೋನ್ ಪಾಪ್ಡಿ, ಐಸ್‌ಕ್ರೀಮ್ ಕೋನ್, ಮಾಲ್ಟ್ ಇರುವ ಚಾಕೊಲೇಟ್ ಇವುಗಳನ್ನು ತಿರುಗಿಸಿ ನೋಡದೆ ತರಬೇಡಿ. ಬೇಕರಿಯ ಮಾತೇ ಬೇಡ, ಅಲ್ಲಿ ಗಾಳಿಯಲ್ಲೇ ಮೈದಾ. ಔಷಧಿ ತರುವಾಗಲೂ ಅದರಲ್ಲಿ ಗ್ಲುಟನ್ ಇದೆಯಾ ಅಂತ ಔಷಧಿ ಅಂಗಡಿಯವರನ್ನು ಒಮ್ಮೆ ಕೇಳಿ.

ಒಂಬತ್ತನೇ ಹೆಜ್ಜೆ: ಹೊರಗೆ ಉಣ್ಣುವಾಗ

ಹೋಟೆಲಿನಲ್ಲಿ 'ಗ್ಲುಟನ್' ಅಂದರೆ ಯಾರಿಗೂ ತಿಳಿಯುವುದಿಲ್ಲ. "ಅಣ್ಣಾ, ನನಗೆ ಗೋಧಿ, ಮೈದಾ, ರವೆ ಸ್ವಲ್ಪವೂ ಆಗಲ್ಲ, ಹುಷಾರು ತಪ್ಪುತ್ತೆ" ಅಂತ ಹೇಳಿ. ಆಮೇಲೆ ಎರಡೇ ಪ್ರಶ್ನೆ ಕೇಳಿ. "ದೋಸೆ ಹಿಟ್ಟಿಗೆ ಮೈದಾ, ರವೆ ಹಾಕ್ತೀರಾ?" ಗರಿಗರಿ ಬರಲಿ ಅಂತ ಕೆಲವು ಕಡೆ ಹಾಕುತ್ತಾರೆ. "ರವೆ ದೋಸೆ ಇದೇ ಕಾವಲಿ ಮೇಲೆ ಹುಯ್ತೀರಾ?" ಹೌದು ಅಂದರೆ ದೋಸೆ ಬಿಟ್ಟು ಇಡ್ಲಿ ಹೇಳಿ. ಸಾಂಬಾರಿನಲ್ಲಿ ಇಂಗು ಇರುತ್ತದೆ, ಹಾಗಾಗಿ ನಾನು ಒಗ್ಗರಣೆ ಹಾಕದ ಕಾಯಿ ಚಟ್ನಿ ಕೇಳುತ್ತೇನೆ. ಗೋಳಿಬಜೆ, ಮದ್ದೂರು ವಡೆ, ಗೋಬಿ ಮಂಚೂರಿ ಇವುಗಳಲ್ಲೆಲ್ಲ ಮೈದಾ ಇದೆ. ಉದ್ದಿನ ವಡೆ ತಿನ್ನಬಹುದು ಅನ್ನಿಸುತ್ತದೆ, ಆದರೆ ಅದೇ ಎಣ್ಣೆಯಲ್ಲಿ ಪೂರಿ ಬೆಂದಿರುತ್ತದೆ.

ಮದುವೆ ಊಟಕ್ಕೆ ನಾನು ಹೆದರುತ್ತಿದ್ದೆ. ಈಗ ಹಿಂದಿನ ದಿನವೇ ಅಡುಗೆ ಭಟ್ಟರ ಹತ್ತಿರ ಮಾತಾಡುತ್ತೇನೆ. ಇಂಗು ಹಾಕುವ ಮೊದಲೇ ಒಂದು ಬಟ್ಟಲು ತೊವ್ವೆ ತೆಗೆದಿಡುತ್ತಾರೆ. ಅನ್ನ, ತುಪ್ಪ, ಇಂಗಿಲ್ಲದ ಪಲ್ಯ, ಮೊಸರು, ಬಾಳೆಹಣ್ಣು. ಹೊಟ್ಟೆ ತುಂಬುತ್ತದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದ ರವೆಯದ್ದು. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ಹಣ್ಣು ಇಸಿದುಕೊಳ್ಳಿ.

ವಿಮಾನದಲ್ಲಿ ದೂರ ಹೋಗುವವರು ಟಿಕೆಟ್ ಮಾಡುವಾಗಲೇ ಜಿಎಫ್‌ಎಂಎಲ್, ಅಂದರೆ ಗ್ಲುಟನ್ ಇಲ್ಲದ ಊಟ ಆರಿಸಿ. ಆದರೂ ಚೀಲದಲ್ಲಿ ಹುರಿಗಡಲೆ, ಒಣ ಹಣ್ಣು ಇರಲಿ.

ಹತ್ತನೇ ಹೆಜ್ಜೆ: ದೇಹಕ್ಕೆ ಸಮಯ ಕೊಡಿ

ಕೆಲವು ವಾರಗಳಲ್ಲಿ ಹಗುರ ಅನ್ನಿಸುತ್ತದೆ. ಆದರೆ ಕರುಳು ವಾಸಿಯಾಗಲು ತಿಂಗಳುಗಳು, ದೊಡ್ಡವರಿಗೆ ವರ್ಷಗಳೂ ಬೇಕು. ಶುರುವಿನಲ್ಲಿ ಹಾಲು ಹಿಡಿಸದೆ ಹೋಗಬಹುದು. ಆಗ ಮೊಸರು, ಮಜ್ಜಿಗೆ ಸಾಕು. ಹೆಚ್ಚಿನವರಿಗೆ ಆಮೇಲೆ ಹಾಲು ಮತ್ತೆ ಹಿಡಿಸುತ್ತದೆ. ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ ನೋಡಿಸಿ. ಟಿಟಿಜಿಯನ್ನು ಡಾಕ್ಟರು ಹೇಳಿದ ಹಾಗೆ ಮತ್ತೆ ಮತ್ತೆ ಮಾಡಿಸಿ. ತೊಂದರೆ ಕಾಣದಿದ್ದರೂ ಪಥ್ಯ ಬಿಡಬೇಡಿ, ಬಿಟ್ಟರೆ ಒಳಗೆ ಹಾನಿ ಆಗುತ್ತಲೇ ಇರುತ್ತದೆ.

ಹಬ್ಬಕ್ಕೆ: ಹೋಳಿಗೆಯ ಹೂರಣ, ಅಕ್ಕಿಯ ಹೊದಿಕೆ

ನನಗೆ ಅತಿ ಹೆಚ್ಚು ಬೇಜಾರಾದದ್ದು ಯುಗಾದಿ ದಿನ. ಎಲ್ಲರ ಎಲೆಯಲ್ಲೂ ಹೋಳಿಗೆ, ನನ್ನ ಎಲೆಯಲ್ಲಿ ಬರೀ ಬೆಲ್ಲ. ಅಕ್ಕಿ ಹಿಟ್ಟಿನ ಕಣಕದಲ್ಲಿ ಹೋಳಿಗೆ ತಟ್ಟಲು ನೋಡಿದೆ, ಹರಿದು ಹೂರಣ ಕಾವಲಿಗೆ ಹಿಡಿಯಿತು. ಮಾರನೇ ವರ್ಷ ಅದೇ ಹೂರಣವನ್ನು ಕಡುಬಿನೊಳಗೆ ಇಟ್ಟೆ. ಈಗ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಒಂದು ಲೋಟ ಕಡಲೆಬೇಳೆಯನ್ನು ಬೇಯಿಸಿ, ನೀರು ಪೂರ್ತಿ ಬಸಿಯಿರಿ. ಮುಕ್ಕಾಲು ಲೋಟ ಬೆಲ್ಲ ಹಾಕಿ, ತಳ ಬಿಡುವ ತನಕ ಮಗುಚಿ. ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ, ಸಣ್ಣ ಉಂಡೆ ಮಾಡಿಡಿ. ಹೊದಿಕೆಗೆ ಅಕ್ಕಿ ರೊಟ್ಟಿಯ ಹಿಟ್ಟನ್ನೇ ಮಾಡಿ, ಎಣ್ಣೆ ಬದಲು ತುಪ್ಪ ಹಾಕಿ. ನಿಂಬೆ ಗಾತ್ರದ ಹಿಟ್ಟನ್ನು ತುಪ್ಪ ಸವರಿದ ಬಾಳೆ ಎಲೆಯ ಮೇಲೆ ತೆಳ್ಳಗೆ ತಟ್ಟಿ, ಹೂರಣ ಇಟ್ಟು ಅಂಚು ಒತ್ತಿ ಮುಚ್ಚಿ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಮುಟ್ಟಿದರೆ ಕೈಗೆ ಅಂಟದಿದ್ದರೆ ಬೆಂದಿದೆ. ಕಾಯಿಹಾಲು ಅಥವಾ ಬಿಸಿ ತುಪ್ಪದ ಜೊತೆ ಆಗಲೇ ಬಡಿಸಿ, ಆರಿದರೆ ಹೊದಿಕೆ ಗಟ್ಟಿಯಾಗುತ್ತದೆ.